ಚೀನದ ಮನೆಪಟ್ಟಿ

ಇಮ್ಮಡಿ ಪುಲಿಕೇಶಿಯ ಪಾಠ ಬಂದಾಗಲೆಲ್ಲ ನಾವು ಉಪಾಧ್ಯಾಯರು ಹ್ಯೂಯೆನ್‌ತ್ಸಾಂಗನನ್ನು ನೆನೆಯದೆ ಮುಂದೆ ಸಾಗುವುದಿಲ್ಲ. ಆ ಬೌದ್ಧ ಭಿಕ್ಷು ಚೀನದಿಂದ ಮರಳುಗಾಡು ದಾಟಿ ಬಂದ, ನಳಂದೆಯಲ್ಲಿ ಓದಿದ, ಪುಲಿಕೇಶಿಯ ರಾಜ್ಯವನ್ನೂ ಅಲ್ಲಿಯ ಜನರ ಸ್ವಾಭಿಮಾನವನ್ನೂ ಕುರಿತು ಬರೆದಿಟ್ಟ ಎಂದು ಹೇಳಿ ಮುಗಿಸುತ್ತೇವೆ. ಅವನು ತನ್ನ ದೇಶವನ್ನು ಬಿಟ್ಟು ಬಂದ ಬಗೆಯನ್ನು ಮಾತ್ರ ಹೇಳುವುದು ಅಪರೂಪ. ವಾಚಕರೇ, ಆ ಮಹಾಪಂಡಿತ ಊರು ಬಿಟ್ಟದ್ದು ಕಳ್ಳನಂತೆ. ಅಪ್ಪಣೆಯಿಲ್ಲದೆ ಯಾರೂ ಗಡಿ ದಾಟಕೂಡದೆಂದು ಟಾಂಗ್ ಅರಸರ ಕಟ್ಟಾಜ್ಞೆಯಿತ್ತು. ಭಿಕ್ಷು ಬೇಡಿದ ಅಪ್ಪಣೆ ದೊರೆಯಲಿಲ್ಲ. ಹಗಲು ಅಡಗಿದ್ದು ಇರುಳು ನಡೆದ. ಅವನನ್ನು ಹಿಡಿಯಬೇಕೆಂಬ ಆಜ್ಞಾಪತ್ರ ಗಡಿಯ ಊರೊಂದರ ಅಧಿಕಾರಿಯ ಕೈಗೆ ಬಂತು. ಆತ ಅದನ್ನು ಭಿಕ್ಷುವಿಗೇ ತೋರಿಸಿ ನಿಜ ಹೇಳಿರೆಂದು ಕೇಳಿದ. ಭಿಕ್ಷು ಸುಳ್ಳಾಡಲಿಲ್ಲ. ಆ ಅಧಿಕಾರಿ ಕಾಗದವನ್ನು ಅಲ್ಲೇ ಹರಿದು, ಬೇಗ ಹೊರಟುಹೋಗಿರಿ ಎಂದನಂತೆ. ಮುಂದೆ ಕಾವಲುಗೋಪುರದ ಬಳಿ ನೀರು ತುಂಬಿಕೊಳ್ಳುವಾಗ ಬಾಣವೊಂದು ಅವನ ಮೊಣಕಾಲನ್ನು ಸವರುವಷ್ಟು ಹತ್ತಿರ ಹಾದುಹೋಯಿತು. ಅವನ ಶಿಷ್ಯರು ಬರೆದ ಚರಿತ್ರೆಯಲ್ಲಿ ಈ ಪ್ರಸಂಗಗಳಿವೆ.

ಈ ಕಥೆಯನ್ನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಚೀನದ ಚರಿತ್ರೆಯೆಂದರೆ ನಮಗೆ ಮಹಾಗೋಡೆ, ಚಕ್ರವರ್ತಿಗಳು, ಕ್ರಾಂತಿ, ಯುದ್ಧ ಇಷ್ಟೇ ನೆನಪಿಗೆ ಬರುತ್ತವೆ. ಆದರೆ ಆ ದೇಶದ ಬಡ ಒಕ್ಕಲಿಗನ ಬಾಳನ್ನು ಗೋಡೆಗಿಂತ ಹೆಚ್ಚಾಗಿ ಬಿಗಿದಿಟ್ಟದ್ದು ಒಂದು ಪುಸ್ತಕ. ಅದರ ಹೆಸರು ‘ಹುಕೌ’. ‘ಹು’ ಎಂದರೆ ಮೂಲದಲ್ಲಿ ಒಂಟಿ ಕದ, ಅದರಿಂದ ಮನೆ. ‘ಕೌ’ ಎಂದರೆ ಬಾಯಿ. ಒಂದು ಕದದ ಹಿಂದೆ ಉಣ್ಣುವ ಬಾಯಿಗಳೆಷ್ಟು ಎಂಬ ಲೆಕ್ಕವೇ ಹುಕೌ. ನಾವೂ ‘ಆ ಮನೆಯಲ್ಲಿ ಎಷ್ಟು ಬಾಯಿ?’ ಎಂದು ಕೇಳುತ್ತೇವಷ್ಟೆ. ಪದವೇನೋ ನಿರಪರಾಧಿ. ಆದರೆ ಎಣಿಸುವುದಕ್ಕೆಂದು ಹುಟ್ಟಿದ ಪಟ್ಟಿ ಕ್ರಮೇಣ ಕಟ್ಟಿಹಾಕುವುದಕ್ಕೂ, ಕೊನೆಗೆ ‘ನೀನು ಯಾರು’ ಎಂದು ತೀರ್ಪು ಕೊಡುವುದಕ್ಕೂ ಬಳಕೆಯಾಯಿತು.

ಇದರ ಬೇರು ಬಹಳ ಹಳೆಯದು. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಛಿನ್ ರಾಜ್ಯದ ಮಂತ್ರಿ ಶಾಂಗ್ ಯಾಂಗ್ ಎಂಬವನು ಪ್ರಜೆಗಳ ಮನೆಗಳನ್ನು ಐದೈದು, ಹತ್ತುಹತ್ತರ ಗುಂಪು ಮಾಡಿದ. ಒಂದು ಮನೆಯವನು ತಪ್ಪು ಮಾಡಿದರೆ ಉಳಿದ ಮನೆಯವರು ದೂರಬೇಕು, ದೂರದಿದ್ದರೆ ಅವರಿಗೂ ಶಿಕ್ಷೆ. ನೆರೆಹೊರೆಯ ಪ್ರೀತಿಯ ಜಾಗದಲ್ಲಿ ನೆರೆಹೊರೆಯ ಭಯ ಬಂತು. ಕ್ರಿ. ಶ. 2ನೆಯ ವರ್ಷದಲ್ಲಿ ಹಾನ್ ಅರಸರ ಅಧಿಕಾರಿಗಳು ಮಾಡಿದ ಗಣತಿಯಲ್ಲಿ ಸುಮಾರು 1 ಕೋಟಿ 22 ಲಕ್ಷ ಮನೆಗಳೂ 5 ಕೋಟಿ 95 ಲಕ್ಷ ಜನರೂ ಲೆಕ್ಕಕ್ಕೆ ಸಿಕ್ಕಿದರು. ಎರಡು ಸಾವಿರ ವರ್ಷಗಳ ಹಿಂದೆ ಇಂಥ ಲೆಕ್ಕವೆಂದರೆ ಬೆರಗಾಗಬೇಕಾದದ್ದೇ. ಆದರೆ ಲೆಕ್ಕ ಕಂದಾಯಕ್ಕೆ, ಬಿಟ್ಟಿ ದುಡಿಮೆಗೆ, ಸೈನ್ಯಕ್ಕೆ. ಬಾಯಿಗಳನ್ನು ಎಣಿಸಿದ್ದು ಉಣಿಸುವುದಕ್ಕಲ್ಲ.

ಈಗ ಆನ್‌ಹುಯಿ ಪ್ರಾಂತದ ಫೆಂಗ್‌ಯಾಂಗ್ ಎಂಬ ಸೀಮೆಯನ್ನು ನೆನಪಿನಲ್ಲಿಡಿ. ನಮ್ಮ ಕಥೆ ಎರಡು ಸಲ ಅಲ್ಲಿಗೆ ಹೋಗಬೇಕಾಗಿದೆ. ಬರಕ್ಕೂ ನೆರೆಗೂ ಹೆಸರಾದ ನಾಡು ಅದು. 1328ರಲ್ಲಿ ಅಲ್ಲಿಯ ಒಂದು ಗೇಣಿ ಒಕ್ಕಲಿನ ಮನೆಯಲ್ಲಿ ಜು ಯುವಾನ್‌ಜಾಂಗ್ ಎಂಬ ಹುಡುಗ ಹುಟ್ಟಿದ. 1344ರ ಬರ ಮತ್ತು ಸಾಂಕ್ರಾಮಿಕದಲ್ಲಿ ತಂದೆ, ತಾಯಿ, ಅಣ್ಣ ಎಲ್ಲರೂ ಸತ್ತರು. ಅನಾಥ ಬಾಲಕ ಮಠ ಸೇರಿದ. ಮಠದಲ್ಲೂ ಕಾಳು ತೀರಿದಾಗ ಭಿಕ್ಷಾಪಾತ್ರೆ ಹಿಡಿದು ಸುಮಾರು ಮೂರು ವರ್ಷ ಊರೂರು ಅಲೆದ. ಇವನೇ ಮುಂದೆ ದಂಗೆಕಾರರ ನಾಯಕನಾಗಿ, 1368ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿಯಾದ.

ಅಲೆದಾಡಿ ಜೀವ ಉಳಿಸಿಕೊಂಡವನು ಅಲೆಯುವವರನ್ನು ಅರ್ಥ ಮಾಡಿಕೊಳ್ಳುವನೆಂದು ನೀವು ಎಣಿಸಬಹುದು. ನಡೆದದ್ದು ಬೇರೆ. 1381ರಲ್ಲಿ ಅವನು ದೇಶದ ಮನೆಗಳನ್ನೆಲ್ಲ ‘ಹಳದಿ ಪಟ್ಟಿ’ಗಳಲ್ಲಿ ಬರೆಯಿಸಿದ. 110 ಮನೆಗೆ ಒಂದು ಗುಂಪು, ಹತ್ತು ವರ್ಷಕ್ಕೊಮ್ಮೆ ಹೊಸ ಬರವಣಿಗೆ. ಸಾಮಾನ್ಯ ಒಕ್ಕಲು, ಸೈನಿಕ, ಕುಶಲಕರ್ಮಿ, ಉಪ್ಪು ಬೇಯಿಸುವವನು ಎಂದು ಮನೆಗಳಿಗೆ ಜಾತಿಯಂತೆ ವರ್ಗ. ಸೈನಿಕನ ಮಗ ಸೈನಿಕನೇ, ಉಪ್ಪಿನವನ ಮಗ ಉಪ್ಪಿನವನೇ. ಊರು ಬಿಟ್ಟು ದೂರ ಹೋಗಲು ಅಪ್ಪಣೆಯ ಚೀಟಿ ಬೇಕು. ಈ ಪಟ್ಟಿಗಳನ್ನು ನಾನ್‌ಜಿಂಗ್ ನಗರದ ಷುವಾನ್‌ವು ಸರೋವರದ ನಡುಗಡ್ಡೆಗಳಲ್ಲಿ ಉಗ್ರಾಣ ಕಟ್ಟಿ ಇಟ್ಟರು. ದೋಣಿಯಲ್ಲದೆ ಬೇರೆ ದಾರಿಯಿರಲಿಲ್ಲ. ಕಾಗದಗಳೇನೋ ಭದ್ರವಾಗಿದ್ದವು, ನಿಜ ಮಾತ್ರ ನಿಲ್ಲಲಿಲ್ಲ. ವರ್ಷಗಳುರುಳಿದಂತೆ ಗುಮಾಸ್ತರು ಹಳೆಯ ಪಟ್ಟಿಯನ್ನೇ ನಕಲು ಮಾಡತೊಡಗಿದರು. ಸತ್ತವರು ಪಟ್ಟಿಯಲ್ಲಿ ಬದುಕಿದ್ದರು, ಬದುಕಿದ್ದವರು ಪಟ್ಟಿ ತಪ್ಪಿಸಿ ಬೇರೆಲ್ಲಿಯೋ ಉಳುತ್ತಿದ್ದರು. ಮುಂದೆ ಬಂದ ಛಿಂಗ್ ಅರಸರು ಮನೆಮನೆಯ ಬಾಗಿಲಿಗೆ ಅಲ್ಲಿರುವವರ ಹೆಸರು ಬರೆದ ಫಲಕ ತೂಗುಹಾಕಿಸಿದರು. ಹತ್ತು ಮನೆಗೊಬ್ಬ, ನೂರು ಮನೆಗೊಬ್ಬ, ಸಾವಿರ ಮನೆಗೊಬ್ಬ ಮುಖಂಡ. ಇದಕ್ಕೆ ‘ಬಾವೋಜಿಯಾ’ ಎಂದು ಹೆಸರು. 1930ರ ದಶಕದಲ್ಲಿ ಚಿಯಾಂಗ್ ಕೈ ಶೇಕರ ಸರಕಾರವೂ ಇದನ್ನೇ ಮತ್ತೆ ಜಾರಿಗೆ ತಂದಿತು.

ಇದೆಲ್ಲ ಅರಸರ ಪುಸ್ತಕ. ಚೀನದ ಹಳ್ಳಿಗನಲ್ಲಿ ಇದಲ್ಲದೆ ಇನ್ನೊಂದು ಪುಸ್ತಕವಿತ್ತು. ಅದು ವಂಶಾವಳಿ. ನಮ್ಮಲ್ಲಿ ಹೆಳವರು ಎತ್ತನ್ನೇರಿ ಬಂದು ಮುತ್ತಜ್ಜನ ಮುತ್ತಜ್ಜನ ಹೆಸರು ಹೇಳಿ ಕಾಳು ಪಡೆದು ಹೋಗುತ್ತಿದ್ದರಲ್ಲವೆ? ಚೀನದಲ್ಲಿ ಆ ಕೆಲಸವನ್ನು ಕುಲದವರೇ ಗ್ರಂಥ ಬರೆದು ನಡೆಸುತ್ತಿದ್ದರು. ಅನೇಕ ಕುಲಗಳು ಒಂದು ಅಕ್ಷರಮಾಲೆಯನ್ನು ಮುಂಚೆಯೇ ಗೊತ್ತುಮಾಡುತ್ತಿದ್ದವು. ಒಂದು ಪೀಳಿಗೆಯವರೆಲ್ಲರ ಹೆಸರಿನಲ್ಲಿ ಆ ಮಾಲೆಯ ಒಂದು ಅಕ್ಷರ, ಮುಂದಿನ ಪೀಳಿಗೆಗೆ ಮುಂದಿನ ಅಕ್ಷರ. ಒಂದೇ ಕುಲದ ಇಬ್ಬರು ಅಪರಿಚಿತರು ಸಂತೆಯಲ್ಲಿ ಭೇಟಿಯಾದರೂ ಹೆಸರು ಕೇಳಿದೊಡನೆ ಇವನು ಚಿಕ್ಕಪ್ಪ, ಇವನು ಮಗ ಎಂದು ತಿಳಿಯುತ್ತಿತ್ತು. ಅರಸನ ಪುಸ್ತಕ ‘ನೀನು ಎಷ್ಟು ಕೊಡಬೇಕು’ ಎಂದು ಕೇಳಿದರೆ, ಮನೆಯ ಪುಸ್ತಕ ‘ನೀನು ಯಾರವನು’ ಎಂದು ಹೇಳುತ್ತಿತ್ತು.

1949ರಲ್ಲಿ ಕಮ್ಯೂನಿಸ್ಟ್ ಪಕ್ಷ ಅಧಿಕಾರಕ್ಕೆ ಬಂತು. ಭೂಮಿ ಹಂಚಿತು, ಓದು ಹರಡಿತು, ಇವನ್ನು ಅಲ್ಲಗಳೆಯಲಾಗದು. 1954ರ ಸಂವಿಧಾನದ 90ನೆಯ ವಿಧಿಯಲ್ಲಿ ಪ್ರಜೆಗೆ ವಾಸಸ್ಥಳವನ್ನು ಬದಲಿಸುವ ಸ್ವಾತಂತ್ರ್ಯವೂ ಬರೆದಿತ್ತು. ಆದರೆ ಕೈಗಾರಿಕೆ ಬೆಳೆಸಬೇಕು, ಪಟ್ಟಣದ ಕೂಲಿಗಾರರಿಗೆ ಅಗ್ಗದ ಧಾನ್ಯ ಬೇಕು. ಅದಕ್ಕಾಗಿ 1953ರಲ್ಲಿ ರೈತನ ಧಾನ್ಯವನ್ನು ಸರಕಾರವೇ ಗೊತ್ತುಮಾಡಿದ ದರಕ್ಕೆ ಕೊಳ್ಳುವ ಏರ್ಪಾಡಾಯಿತು. 1955ರಿಂದ ಪಟ್ಟಣಗಳಲ್ಲಿ ಧಾನ್ಯದ ಚೀಟಿ ಬಂತು. ಚೀಟಿಯಿಲ್ಲದೆ ಅಕ್ಕಿಯಿಲ್ಲ, ಹೋಟೆಲಿನಲ್ಲಿ ಊಟವೂ ಇಲ್ಲ. ಹಳ್ಳಿಯವರೆಲ್ಲ ಪಟ್ಟಣಕ್ಕೆ ನುಗ್ಗಿದರೆ ಈ ಲೆಕ್ಕ ನಿಲ್ಲುವುದೆಂತು? 1958ರ ಜನವರಿ 9ರಂದು ಹುಕೌ ಕಾನೂನು ಹೊರಬಿತ್ತು. ಪ್ರತಿಯೊಬ್ಬನೂ ‘ಬೇಸಾಯದವನು’ ಅಥವಾ ‘ಬೇಸಾಯದವನಲ್ಲ’. ಹಳ್ಳಿಯವನು ಪಟ್ಟಣದಲ್ಲಿ ನೆಲೆಸಲು ಅಲ್ಲಿಯ ಕೆಲಸದ ಪತ್ರ, ಇಲ್ಲವೆ ಶಾಲೆಯ ಪ್ರವೇಶಪತ್ರ, ಇಲ್ಲವೆ ಪಟ್ಟಣದ ಅಧಿಕಾರಿಗಳ ಒಪ್ಪಿಗೆ ತರಬೇಕು. ಮಗುವಿಗೆ ತಾಯಿಯ ಹುಕೌ. ತಂದೆಯದನ್ನು ಪಡೆಯಬಹುದೆಂದಾದದ್ದು 1998ರಲ್ಲಿ. ತಾಯಿ ಹಳ್ಳಿಯವಳಾದರೆ ಮಗು ಪಟ್ಟಣದಲ್ಲಿ ಹುಟ್ಟಿದರೂ ಹಳ್ಳಿಯದೇ. ಸಂವಿಧಾನದ ಆ ಮಾತನ್ನು 1975ರಲ್ಲಿ ಕೈಬಿಟ್ಟರು. ಮತ್ತೆ ಸೇರಿಸಲಿಲ್ಲ.

ನಮ್ಮಲ್ಲೂ ಪಡಿತರ ಚೀಟಿಯಿದೆ, ಅದಕ್ಕಾಗಿ ಸಾಲು ನಿಂತವರು ನಾವೂ ಹೌದು. ಆದರೆ ಚೀಟಿ ಬೇರೆ ಊರಿನದೆಂದು ನಮ್ಮನ್ನು ಯಾರೂ ರೈಲು ಹತ್ತಿಸಿ ಹಿಂದಕ್ಕೆ ಕಳುಹಿಸಲಿಲ್ಲ. ಆ ಅಂತರ ಎಷ್ಟು ದೊಡ್ಡದೆಂಬುದು 1959ರಿಂದ 1961ರವರೆಗಿನ ಮೂರು ವರ್ಷಗಳಲ್ಲಿ ತಿಳಿದುಬಂತು. ‘ಮಹಾನೆಗೆತ’ದ ಕಾಲವದು. ಹೊಲಗಳೆಲ್ಲ ಕಮ್ಯೂನಿಗೆ ಸೇರಿದ್ದವು, ಒಲೆಗಳು ಆರಿ ಸಾಮೂಹಿಕ ಭೋಜನಶಾಲೆಗಳು ಬಂದಿದ್ದವು. ಅಧಿಕಾರಿಗಳು ಇಲ್ಲದ ಫಸಲನ್ನು ಕಾಗದದ ಮೇಲೆ ಬೆಳೆದರು. ಸರಕಾರ ಆ ಕಾಗದವನ್ನು ನಂಬಿ ಧಾನ್ಯ ಎತ್ತಿತು. ಪಟ್ಟಣದವನಿಗೆ ಕಡಿಮೆಯಾದರೂ ಚೀಟಿಯ ಪಾಲಿತ್ತು. ಬೆಳೆದವನಿಗೆ ಚೀಟಿಯೂ ಇಲ್ಲ, ಬೆಳೆಯೂ ಇಲ್ಲ, ಊರು ಬಿಡುವ ಹಕ್ಕೂ ಇಲ್ಲ. ಹೆನಾನ್ ಪ್ರಾಂತದ ಸಿನ್ಯಾಂಗ್ ಸೀಮೆಯಲ್ಲಿ ಹಸಿದವರು ಹೊರಗೆ ಹೋಗದಂತೆ ದಾರಿಗಳಿಗೆ ಕಾವಲಿಟ್ಟರು. ಒಟ್ಟು ಸತ್ತವರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಎಂದು ವಿದ್ವಾಂಸರು ಬೇರೆ ಬೇರೆಯಾಗಿ ಎಣಿಸುತ್ತಾರೆ. ಯಾಂಗ್ ಜಿಶೆಂಗ್ ಎಂಬ ಪತ್ರಕರ್ತರು 1959ರಲ್ಲಿ ವಿದ್ಯಾರ್ಥಿ. ಕರೆ ಬಂದು ಊರಿಗೆ ಹೋದಾಗ ತಂದೆ ಹಸಿವಿನಿಂದ ಸಾಯುತ್ತಿದ್ದರು. ಇದು ನಮ್ಮ ಮನೆಯ ದುರದೃಷ್ಟ ಎಂದೇ ಅವರು ಆಗ ನಂಬಿದ್ದರು. ಎಷ್ಟೋ ವರ್ಷಗಳ ತರುವಾಯ ಪ್ರಾಂತಪ್ರಾಂತದ ದಾಖಲೆಗಳನ್ನು ಹುಡುಕಿ, ಸತ್ತವರು 3 ಕೋಟಿ 60 ಲಕ್ಷವೆಂದು ಲೆಕ್ಕ ಹಾಕಿದರು. 2008ರಲ್ಲಿ ಹಾಂಗ್‌ಕಾಂಗಿನಲ್ಲಿ ಅಚ್ಚಾದ ಆ ಗ್ರಂಥಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಗೋರಿಕಲ್ಲು’. ಲೆಕ್ಕವಿಲ್ಲದೆ ಹೋದವರಿಗೆ ಮಗನೊಬ್ಬ ಬರೆದ ಲೆಕ್ಕ ಅದು.

ಪಟ್ಟಿ ಊರನ್ನು ಗೊತ್ತುಮಾಡಿದಂತೆ ವ್ಯಕ್ತಿಯ ಗುಣವನ್ನೂ ಗೊತ್ತುಮಾಡಿತು. ಭೂಮಿ ಹಂಚಿದಾಗ ಪ್ರತಿ ಕುಟುಂಬಕ್ಕೂ ಜಮೀನ್ದಾರ, ಶ್ರೀಮಂತ ರೈತ, ಮಧ್ಯಮ ರೈತ, ಬಡ ರೈತ ಎಂಬ ಹಣೆಪಟ್ಟಿ ಅಂಟಿಸಿದ್ದರು. ಭೂಮಿ ಹೋಯಿತು, ಹಣೆಪಟ್ಟಿ ಉಳಿಯಿತು. ತಂದೆಯಿಂದ ಮಕ್ಕಳಿಗೂ ಇಳಿಯಿತು. ಒಂದು ಗೇಣು ನೆಲವಿಲ್ಲದ ಹುಡುಗನೂ ‘ಜಮೀನ್ದಾರನ ಮಗ’. ಅವನಿಗೆ ಹೆಣ್ಣು ಕೊಡುವವರಿಲ್ಲ, ಕೆಲಸ ಕೊಡುವವರಿಲ್ಲ. 1979ರ ಜನವರಿಯಲ್ಲಿ ಇದನ್ನು ತೆಗೆದುಹಾಕುವವರೆಗೆ ಹೀಗೇ ನಡೆಯಿತು. ಕುಲದ ಹೆಸರುಗಳ ಪಾಡೂ ಅಷ್ಟೆ. 1953ರ ಜನಗಣತಿಯಲ್ಲಿ ‘ನಿಮ್ಮ ಜನಾಂಗ ಯಾವುದು?’ ಎಂಬ ಪ್ರಶ್ನೆಗೆ ಜನ ಹೇಳಿದ ಹೆಸರುಗಳು ನಾನೂರಕ್ಕೂ ಹೆಚ್ಚು. ಸರಕಾರ ಒಪ್ಪಿಕೊಂಡದ್ದು ಕೊನೆಗೆ 56. ಉಳಿದವರು ತಾವು ಹೇಳಿದ ಹೆಸರನ್ನು ಬಿಟ್ಟು ತಮಗೆ ಕೊಟ್ಟ ಹೆಸರಿನಲ್ಲಿ ಸೇರಿಕೊಳ್ಳಬೇಕಾಯಿತು.

ಇನ್ನು ಆ ಮನೆಯ ಪುಸ್ತಕದ ಗತಿಯೇನಾಯಿತು? 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಮೊದಲಾಯಿತು. ಹಳೆಯದೆಲ್ಲ ಸುಡಬೇಕೆಂದು ಹೊರಟ ಹುಡುಗರ ದಂಡು ವಂಶಾವಳಿಗಳನ್ನು ಬೀದಿಯಲ್ಲಿ ರಾಶಿ ಹಾಕಿ ಬೆಂಕಿಯಿಟ್ಟಿತು. ಪೀಳಿಗೆಯ ಅಕ್ಷರಗಳ ಜಾಗದಲ್ಲಿ ಹೊಸ ಹೆಸರುಗಳು ಬಂದವು: ‘ಹೊಂಗ್’ ಎಂದರೆ ಕೆಂಪು, ‘ವೇಯ್‌ದೊಂಗ್’ ಎಂದರೆ ಮಾವೋ ತ್ಸೆತುಂಗರ ಹೆಸರಿನ ಕೊನೆಯ ಅಕ್ಷರವನ್ನು ಕಾಯುವವನು. ಆದರೂ ಕೆಲವರು ಗ್ರಂಥವನ್ನು ಬಚ್ಚಿಟ್ಟರು. ಸಿಕ್ಕಿಬಿದ್ದರೆ ಏನಾದೀತೆಂದು ಬಲ್ಲವರೇ ಬಚ್ಚಿಟ್ಟರು. ಇತ್ತ 1968ರ ಕೊನೆಯಿಂದ ಪಟ್ಟಣದ ವಿದ್ಯಾವಂತ ತರುಣರನ್ನು ಹಳ್ಳಿಗಳಿಗೆ ಕಳುಹಿಸಿದರು. ಒಟ್ಟು ಸುಮಾರು 1 ಕೋಟಿ 70 ಲಕ್ಷ. ಹೋಗುವಾಗ ಅವರ ಹೆಸರು ಪಟ್ಟಣದ ಪಟ್ಟಿಯಿಂದ ಅಳಿಯಿತು. ಮರಳುವುದು ಅಷ್ಟು ಸುಲಭವಾಗಿರಲಿಲ್ಲ. 1978ರ ಕೊನೆಯಲ್ಲಿ ಯುನ್ನಾನಿನ ರಬ್ಬರ್ ತೋಟಗಳಿಗೆ ಹೋಗಿದ್ದ ತರುಣರು ಕೆಲಸ ನಿಲ್ಲಿಸಿ, ನಮ್ಮನ್ನು ಮನೆಗೆ ಕಳುಹಿಸಿ ಎಂದು ಕೇಳಿದರು. ಆಗ ಬಾಗಿಲು ತೆರೆಯಿತು.

ಅದೇ ವರ್ಷದ ಚಳಿಗಾಲದಲ್ಲಿ ನಮ್ಮ ಕಥೆ ಮತ್ತೆ ಫೆಂಗ್‌ಯಾಂಗಿಗೆ ಬರುತ್ತದೆ. ಭಿಕ್ಷುವಾಗಿ ಅಲೆದ ಮಿಂಗ್ ಚಕ್ರವರ್ತಿಯ ಆ ಸೀಮೆಯಲ್ಲಿ, ಷಿಯಾವ್‌ಗಾಂಗ್ ಎಂಬ ಪುಟ್ಟ ಹಳ್ಳಿಯ ಒಕ್ಕಲುಗಳು ಆರುನೂರು ವರ್ಷಗಳ ತರುವಾಯವೂ ಭಿಕ್ಷೆಗೆ ಹೋಗುತ್ತಿದ್ದರು. ಒಂದು ರಾತ್ರಿ 18 ಮಂದಿ ರೈತರು ಒಂದು ಮಣ್ಣಿನ ಮನೆಯಲ್ಲಿ ಗುಟ್ಟಾಗಿ ಕೂಡಿದರು. ಕಮ್ಯೂನಿನ ಹೊಲವನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರಕಾರದ ಪಾಲನ್ನು ಕೊಟ್ಟು ಮಿಕ್ಕದ್ದನ್ನು ತಾವಿಟ್ಟುಕೊಳ್ಳುವುದು ಎಂದು ಒಂದು ಕಾಗದ ಬರೆದರು. ಕಾನೂನಿನ ಕಣ್ಣಿಗೆ ಅದು ಅಪರಾಧ. ಮುಖಂಡರು ಸೆರೆಗೆ ಹೋದರೆ ಅವರ ಮಕ್ಕಳನ್ನು ಹದಿನೆಂಟು ವಯಸ್ಸಿನವರೆಗೆ ಉಳಿದವರು ಸಾಕಬೇಕೆಂಬ ಷರತ್ತನ್ನೂ ಸೇರಿಸಿದರು. ಕೆಳಗೆ ಹೆಸರು, ಹೆಸರಿನ ಮೇಲೆ ಕೆಂಪು ಹೆಬ್ಬೆಟ್ಟು. ವಾಚಕರೇ, ಎರಡು ಸಾವಿರ ವರ್ಷ ಇತರರು ತಮ್ಮ ಹೆಸರನ್ನು ಪಟ್ಟಿಯಲ್ಲಿ ಬರೆಯುವುದನ್ನು ನೋಡಿದ ಜನ, ಇಲ್ಲಿ ತಮ್ಮ ಹೆಸರನ್ನು ತಾವೇ ಬರೆದರು. ಶಾಂಗ್ ಯಾಂಗ್ ನೆರೆಯವನನ್ನು ದೂರಲು ಹೊಣೆ ಮಾಡಿದ್ದ. ಇವರು ನೆರೆಯವನ ಮಕ್ಕಳನ್ನು ಸಾಕಲು ಹೊಣೆಯಾದರು. ಮರುವರ್ಷದ ಸುಗ್ಗಿಯಲ್ಲಿ ಆ ಊರು ಎಷ್ಟೋ ವರ್ಷಗಳಿಂದ ಕಾಣದ ಕಾಳನ್ನು ಕಂಡಿತು. ಐದಾರು ವರ್ಷಗಳಲ್ಲಿ ದೇಶದ ಕಮ್ಯೂನುಗಳೇ ಕರಗಿಹೋದವು.

ಕಮ್ಯೂನು ಹೋಯಿತು, ಹುಕೌ ಹೋಗಲಿಲ್ಲ. ಕಾರ್ಖಾನೆಗಳು ಕೈ ಬೀಸಿ ಕರೆದವು. 1993ರ ಹೊತ್ತಿಗೆ ಧಾನ್ಯದ ಚೀಟಿಯೂ ಹೋದದ್ದರಿಂದ ಹಳ್ಳಿಗ ಪಟ್ಟಣದಲ್ಲಿ ಕಾಸು ಕೊಟ್ಟು ಉಣ್ಣಬಹುದಾಯಿತು. ಅವನು ಸೇತುವೆ ಕಟ್ಟಿದ, ಬೊಂಬೆ ಮಾಡಿದ, ಗಗನಚುಂಬಿ ಎಬ್ಬಿಸಿದ. ಆದರೆ ಅವನ ಮಗುವಿಗೆ ಆ ಪಟ್ಟಣದ ಶಾಲೆ ಸುಲಭವಾಗಿ ದೊರೆಯದು. ಕಾಲೇಜಿನ ಪ್ರವೇಶಪರೀಕ್ಷೆಗೆ ಬಹುಮಟ್ಟಿಗೆ ಹುಕೌ ಇರುವ ಪ್ರಾಂತಕ್ಕೇ ಹೋಗಬೇಕು. ಆದಕಾರಣ ಕೋಟ್ಯಂತರ ಮಕ್ಕಳು ಅಜ್ಜಿಯ ಬಳಿ ಉಳಿದು, ವರ್ಷಕ್ಕೊಮ್ಮೆ ಹೊಸವರ್ಷದ ಹಬ್ಬಕ್ಕೆ ಬರುವ ತಾಯಿಯ ದಾರಿ ಕಾದರು. 2003ರ ಮಾರ್ಚಿಯಲ್ಲಿ ಸುನ್ ಝಿಗಾಂಗ್ ಎಂಬ 27 ವರ್ಷದ ಪದವೀಧರ ಗ್ವಾಂಗ್‌ಝೌ ನಗರದಲ್ಲಿ ತಾತ್ಕಾಲಿಕ ವಾಸದ ಪತ್ರ ಜೇಬಿನಲ್ಲಿಲ್ಲದ ಕಾರಣಕ್ಕೆ ಸೆರೆಯಾಗಿ, ಅಲ್ಲಿ ಪೆಟ್ಟು ತಿಂದು ಸತ್ತ. ದೇಶವೆಲ್ಲ ಮರುಗಿತು, ಕೆರಳಿತು. ಅಲೆಮಾರಿಗಳನ್ನು ಹಿಡಿದು ಊರಿಗೆ ಅಟ್ಟುವ 1982ರ ನಿಯಮವನ್ನು ಅದೇ ವರ್ಷ ರದ್ದು ಮಾಡಿದರು. 2014ರಲ್ಲಿ ‘ಬೇಸಾಯದ’ ಹುಕೌ, ‘ಬೇಸಾಯವಲ್ಲದ’ ಹುಕೌ ಎಂಬ ಭೇದವನ್ನು ತೆಗೆಯುವುದಾಗಿ ಸಾರಿದರು. ಆದರೂ 2020ರ ಗಣತಿಯಲ್ಲಿ, ತಮ್ಮ ಹುಕೌ ಇರುವ ಊರನ್ನು ಬಿಟ್ಟು ಬೇರೆಡೆ ಬಾಳುವವರೆಂದು ಲೆಕ್ಕಕ್ಕೆ ಸಿಕ್ಕವರು 37 ಕೋಟಿ 58 ಲಕ್ಷ.

ನಾನು ಮೂವತ್ತು ವರ್ಷ ಹಾಜರಿ ಕೂಗಿದವನು. ಜೂನ್ ತಿಂಗಳಲ್ಲಿ ಒಮ್ಮೊಮ್ಮೆ ಹೊಸ ಹುಡುಗನ ಹೆಸರು ಪುಸ್ತಕಕ್ಕೆ ಏರಿರುವುದಿಲ್ಲ. ಕೂಗಿ ಮುಗಿದ ಮೇಲೆ ಆ ಮಗು ಎದ್ದು ನಿಂತು, ‘ಸಾರ್, ನನ್ನ ಹೆಸರು ಕರೆಯಲಿಲ್ಲ’ ಎನ್ನುತ್ತದೆ. ಆ ಮುಖವನ್ನು ಕಂಡವರೇ ಬಲ್ಲರು. ಚೀನದಲ್ಲಿ 1980ರಿಂದ 2015ರ ಕೊನೆಯವರೆಗೆ ಮನೆಗೊಂದೇ ಮಗು ಎಂಬ ನೀತಿ ನಡೆಯಿತು. ನಿಯಮ ಮೀರಿ ಹುಟ್ಟಿದ ಮಗುವಿಗೆ ತಂದೆತಾಯಿ ದಂಡ ತೆರದಿದ್ದರೆ ಹಲವು ಕಡೆ ಹುಕೌ ಕೊಡುತ್ತಿರಲಿಲ್ಲ. ಅಂಥವರಿಗೆ ಜನ ಇಟ್ಟ ಹೆಸರು ‘ಕಪ್ಪು ಮಕ್ಕಳು’. 2010ರ ಗಣತಿಯಲ್ಲಿ ಹುಕೌ ಇಲ್ಲದವರು ಸುಮಾರು 1 ಕೋಟಿ 30 ಲಕ್ಷ. ಶಾಲೆಗೆ ಕೇಳುವುದು ಆ ಪುಸ್ತಕವನ್ನೇ, ಮದುವೆಯ ನೋಂದಣಿಗೂ 2025ರವರೆಗೆ ಅದನ್ನೇ ಕೇಳುತ್ತಿದ್ದರು. ಕಣ್ಣೆದುರು ನಿಂತ ಮನುಷ್ಯ ಪುಸ್ತಕದಲ್ಲಿಲ್ಲವಾದರೆ ಅವನು ಹುಟ್ಟಿಯೇ ಇಲ್ಲ. ಷರತ್ತಿಲ್ಲದೆ ಎಲ್ಲರನ್ನೂ ಪಟ್ಟಿಗೆ ಸೇರಿಸಬೇಕೆಂಬ ಆಜ್ಞೆ ಬಂದದ್ದು 2016ರ ಆರಂಭದಲ್ಲಿ.

ಈಚಿನ ಕಾಲದಲ್ಲಿ ಪುಸ್ತಕ ಜೇಬಿಗೇ ಬಂದಿದೆ. ಕೊರೋನಾ ವ್ಯಾಧಿಯ ದಿನಗಳಲ್ಲಿ, 2020ರಿಂದ 2022ರವರೆಗೆ, ಪ್ರತಿಯೊಬ್ಬನ ಮೊಬೈಲಿನಲ್ಲಿ ಒಂದು ಬಣ್ಣದ ಗುರುತು. ಹಸಿರಾದರೆ ಹೋಗಬಹುದು, ಕೆಂಪಾದರೆ ನಿಲ್ಲಬೇಕು. ವ್ಯಾಧಿಯ ಕಾಲದಲ್ಲಿ ಇದಕ್ಕೆ ಕಾರಣವಿತ್ತು ಎನ್ನೋಣ. ಆದರೆ 2022ರ ಜೂನ್ ತಿಂಗಳಲ್ಲಿ, ಹೆನಾನಿನ ಕೆಲವು ಗ್ರಾಮೀಣ ಬ್ಯಾಂಕುಗಳಲ್ಲಿ ಸಿಕ್ಕಿಕೊಂಡ ತಮ್ಮ ಠೇವಣಿಯನ್ನು ಕೇಳಲು ಹೊರಟವರ ಗುರುತುಗಳು ಇದ್ದಕ್ಕಿದ್ದಂತೆ ಕೆಂಪಾದವು. ಅಂಥವರು 1,300ಕ್ಕೂ ಹೆಚ್ಚು. ಅವರಿಗಿದ್ದದ್ದು ಜ್ವರವಲ್ಲ, ದೂರು. ಇದಕ್ಕಾಗಿ ಐವರು ಅಧಿಕಾರಿಗಳಿಗೆ ಶಿಕ್ಷೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಉರುಮ್‌ಚಿ ನಗರದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಜನ ಸತ್ತ ಮೇಲೆ, ಹಲವು ನಗರಗಳಲ್ಲಿ ತರುಣರು ಬೀದಿಗೆ ಬಂದರು. ಅವರ ಕೈಯಲ್ಲಿದ್ದದ್ದು ಬರಿಯ ಬಿಳಿ ಹಾಳೆ, ಒಂದಕ್ಷರವೂ ಇಲ್ಲದ್ದು. ಡಿಸೆಂಬರಿನಲ್ಲಿ ಆ ಬಣ್ಣದ ಗುರುತಿನ ಕಟ್ಟು ಸಡಿಲವಾಯಿತು.

ಪಟ್ಟಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹಾಜರಿ ಪುಸ್ತಕವಿಲ್ಲದೆ ಶಾಲೆ ನಡೆಯದು, ಗಣತಿಯಿಲ್ಲದೆ ರಾಜ್ಯ ನಡೆಯದು. ಆದರೆ ಮನುಷ್ಯ ಹೋದಲ್ಲಿಗೆ ಪುಸ್ತಕ ಹಿಂಬಾಲಿಸಿ ಬರಬೇಕು. ಪುಸ್ತಕವಿರುವಲ್ಲೇ ಮನುಷ್ಯ ನಿಲ್ಲಬೇಕೆಂದಾಗ ಅವನು ಸ್ವದೇಶದಲ್ಲೇ ಪರದೇಶಿಯಾಗುತ್ತಾನೆ.

ಇತ್ತ ಮನೆಯ ಪುಸ್ತಕ ಸಾಯಲಿಲ್ಲ. 1980ರ ದಶಕದಿಂದ ಹಳ್ಳಿಹಳ್ಳಿಗಳಲ್ಲಿ, ಬಚ್ಚಿಟ್ಟ ಹಾಳೆಗಳನ್ನು ತೆಗೆದು, ಮುದುಕರ ನೆನಪನ್ನು ಕೇಳಿ, ವಂಶಾವಳಿಗಳನ್ನು ಮತ್ತೆ ಬರೆದರು. ಕನ್‌ಫ್ಯೂಷಿಯಸನ ವಂಶಾವಳಿ 2009ರಲ್ಲಿ ಹೊಸದಾಗಿ ಅಚ್ಚಾಯಿತು. ಅದರಲ್ಲಿ 20 ಲಕ್ಷಕ್ಕೂ ಮೀರಿದ ಹೆಸರುಗಳು. ಹೆಣ್ಣುಮಕ್ಕಳ ಹೆಸರು ಆ ಗ್ರಂಥದಲ್ಲಿ ಸೇರಿದ್ದು ಅದೇ ಮೊದಲು. ಮನೆಯ ಪುಸ್ತಕವೂ ಯಾರನ್ನು ಬಿಟ್ಟಿತ್ತೆಂಬುದನ್ನು ಇದರಿಂದ ತಿಳಿಯಬಹುದು.

ಹ್ಯೂಯೆನ್‌ತ್ಸಾಂಗ್ 645ರಲ್ಲಿ ಸ್ವದೇಶಕ್ಕೆ ಮರಳಿದ. ಅಪ್ಪಣೆ ಮೀರಿ ಹೋದವನನ್ನು ಚಕ್ರವರ್ತಿಯೇ ಗೌರವದಿಂದ ಬರಮಾಡಿಕೊಂಡ. ಗಡಿಯೂರಿನಲ್ಲಿ ಕಾಗದ ಹರಿದ ಆ ಅಧಿಕಾರಿಗೆ ಆಮೇಲೆ ಏನಾಯಿತೋ. ಮುಂದಿನ ಸಲ ಪುಲಿಕೇಶಿಯ ಪಾಠ ಬಂದಾಗ ನಾನು ಮಕ್ಕಳಿಗೆ ಅವನ ಕಥೆಯನ್ನೂ ಹೇಳಬೇಕೆಂದಿದ್ದೇನೆ.